ಹಂಗು ಬೇಡವೆಂದ ಮೇಷ್ಟ್ರು: ಡೊಂಬಿವಲಿಯ ಒಂದು ಪ್ರಕರಣ

ಹೋದ ಮಳೆಗಾಲ, ಜುಲೈ ಮೂರನೇ ಶನಿವಾರ. ರಾತ್ರಿ ಹತ್ತೂವರೆ ಹೊತ್ತಿಗೆ ಮುಂಬಯಿ ಹತ್ತಿರದ ಡೊಂಬಿವಲಿ ಪೂರ್ವದ ನಮ್ಮ ಕಟ್ಟಡದ ಎರಡನೇ ಮಹಡಿಯಲ್ಲಿ ಆರು ಮಂದಿ ಟಿವಿ ನೋಡುತ್ತ ಕೂತಿದ್ದೆವು. ಮೇಷ್ಟ್ರು ಎದ್ದರು. ರಿಮೋಟ್ ಹುಡುಗನ ಕೈಯಲ್ಲಿತ್ತು, ಅದನ್ನು ಕೇಳಲಿಲ್ಲ. ಸೀದಾ ಹೋಗಿ ಗೋಡೆಯ ಸ್ವಿಚ್ಚನ್ನೇ ಆರಿಸಿದರು. ಬಾಗಿಲ ಹತ್ತಿರ ಚಪ್ಪಲಿ ಮೆಟ್ಟಿಕೊಂಡು, "ನಾನು ಇನ್ನು ಬರುವುದಿಲ್ಲ" ಎಂದು ಮೆಟ್ಟಲಿಳಿದರು. ಕೊಡೆ ಮರೆತಿದ್ದರು. ಮನೆ ಎದುರಿನ ಕಟ್ಟಡದಲ್ಲೇ, ಹಾಗಾಗಿ ನೆನೆದದ್ದು ಸ್ವಲ್ಪ. ಆದರೆ ಆ ಕೊಡೆ ಮೂರು ವಾರ ಮೂಲೆಯಲ್ಲಿ ಹಾಗೇ ನಿಂತಿತ್ತು.

ಇದು ಆ ಮೂರು ವಾರದ ಮತ್ತು ಅದರ ಹಿಂದುಮುಂದಿನ ಪ್ರಕರಣ. ಬ್ಯಾಂಕಿನಲ್ಲಿ ಮೂವತ್ತೊಂದು ವರ್ಷ ಸಾಲದ ಫೈಲುಗಳಿಗೆ ಟಿಪ್ಪಣಿ ಬರೆದು ನಿವೃತ್ತನಾದವನು ನಾನು. ಸಾಲವೋ ಜಗಳವೋ, ನಡೆದದ್ದನ್ನು ಕಾಗದಕ್ಕೆ ಇಳಿಸದಿದ್ದರೆ ಸಮಾಧಾನವಿಲ್ಲ. ಹೆಸರುಗಳನ್ನು ಬಿಟ್ಟಿದ್ದೇನೆ, ಕಟ್ಟಡದವರಿಗೆ ಹೇಗೂ ಗೊತ್ತು. ನಾವು ನೋಡುತ್ತಿದ್ದ ಧಾರಾವಾಹಿ 'ಬ್ರೇಕಿಂಗ್ ಬ್ಯಾಡ್'. ಮುಂದೆ ನೋಡುವವರಿದ್ದರೆ ಇಲ್ಲಿಗೇ ನಿಲ್ಲಿಸಿ. ಕೊನೆಯ ಕಂತಿನ ಗುಟ್ಟೂ ಇದರಲ್ಲಿದೆ.

ಕೂತವರು

ಮನೆ ಹೋಟೆಲ್ ಅಣ್ಣನದು. ಕಾರ್ಕಳದ ಕಡೆಯಿಂದ ಹದಿಮೂರನೇ ವಯಸ್ಸಿಗೆ ಬೊಂಬಾಯಿಗೆ ಬಂದವರು. ಹಗಲು ಟೇಬಲ್ ಒರೆಸಿ, ರಾತ್ರಿ ಕನ್ನಡ ರಾತ್ರಿಶಾಲೆಯಲ್ಲಿ ತೂಕಡಿಸಿಕೊಂಡೇ ಹತ್ತನೇ ಕ್ಲಾಸು ಮುಗಿಸಿ, ಕಡೆಗೆ ಸ್ವಂತ ಹೋಟೆಲ್ ಹಾಕಿದರು. ಅವರ ಹೆಂಡತಿಯನ್ನು ನಾವೆಲ್ಲ ಅಕ್ಕ ಅನ್ನುತ್ತೇವೆ. ಹೋಟೆಲಿನ ಲೆಕ್ಕ ಮೊದಲಿನಿಂದಲೂ ಅಕ್ಕನದು. ಮೇಷ್ಟ್ರು ಇದೇ ಮುಂಬಯಿಯ ಒಂದು ಕನ್ನಡ ಶಾಲೆಯಲ್ಲಿ ಗಣಿತ ಕಲಿಸಿದವರು. ವಕೀಲರು ಧಾರವಾಡದವರು, ಥಾಣೆ ಕೋರ್ಟಿನಲ್ಲಿ ಪ್ರಾಕ್ಟೀಸು. ನಾಲ್ಕನೇ ಮಹಡಿಯ ಹುಡುಗ ಐರೋಲಿಯಲ್ಲಿ ಐಟಿ ಕೆಲಸಕ್ಕೆ ಹೋಗುತ್ತಾನೆ, ಕನ್ನಡಕ್ಕೆ ಮರಾಠಿಯ ಒಗ್ಗರಣೆ ಹಾಕಿ ಮಾತಾಡುತ್ತಾನೆ. ಈ ಧಾರಾವಾಹಿಯನ್ನು ನಮಗೆ ಅಂಟಿಸಿದವನು ಅವನೇ. ಅದರ ನಾಯಕನ, ಕಪ್ಪು ಟೊಪ್ಪಿ, ಕನ್ನಡಕ, ಗಡ್ಡದ ಆ ಪ್ರಸಿದ್ಧ ಮುಖ ಅವನ ಟೀಶರ್ಟಿನ ಮೇಲೇ ಇತ್ತು.

ಶನಿವಾರವೇ ಯಾಕೆಂದರೆ ಭಾನುವಾರ ಸೆಂಟ್ರಲ್ ಲೈನಿನಲ್ಲಿ ಮೆಗಾಬ್ಲಾಕ್ (ರಿಪೇರಿಗೆಂದು ಲೋಕಲ್ ರೈಲು ನಿಲ್ಲಿಸುವುದು), ಎಲ್ಲಿಗೂ ಹೋಗುವ ತುರ್ತಿಲ್ಲ. ಜೂನ್ ಮೊದಲ ವಾರ ಶುರು, ರಾತ್ರಿಗೆ ಮೂರು ಕಂತು, ಅಕ್ಕನ ಗೋಳಿಬಜೆ. ಒಟ್ಟು 62 ಕಂತು. ದೀಪಾವಳಿ ಹೊತ್ತಿಗೆ ಮುಗಿಯುತ್ತದೆಂದು ಮೇಷ್ಟ್ರು ಭಾಗಿಸಿ ಹೇಳಿದ್ದರು.

ಕಥೆ ಇಷ್ಟು. ಅಮೆರಿಕದ ನ್ಯೂ ಮೆಕ್ಸಿಕೊದ ಆಲ್ಬುಕರ್ಕಿಯಲ್ಲಿ ವಾಲ್ಟರ್ ವೈಟ್ ಅಂತ ರಸಾಯನಶಾಸ್ತ್ರದ ಮೇಷ್ಟ್ರು. 50 ತುಂಬುವ ಹೊತ್ತಿಗೆ ಶ್ವಾಸಕೋಶದ ಕ್ಯಾನ್ಸರ್, ಆಪರೇಷನ್ ಮಾಡುವ ಹಾಗಿಲ್ಲ. ಹೆಂಡತಿ ಸ್ಕೈಲರ್ ಗರ್ಭಿಣಿ. ಮಗನಿಗೆ ಸೆರೆಬ್ರಲ್ ಪಾಲ್ಸಿ. ಷಡ್ಡಕ ಹ್ಯಾಂಕ್ ಮಾದಕವಸ್ತು ಹಿಡಿಯುವ ಇಲಾಖೆಯಲ್ಲಿ ಅಧಿಕಾರಿ. ಮನೆಯವರಿಗೆ ಏನಾದರೂ ಬಿಟ್ಟು ಹೋಗಬೇಕೆಂದು ಮೇಷ್ಟ್ರು ತನ್ನ ಹಳೇ ವಿದ್ಯಾರ್ಥಿ ಜೆಸ್ಸಿ ಪಿಂಕ್‌ಮನ್ ಜತೆ ಸೇರಿ ಮೆಥ್ ಎಂಬ ಮಾದಕವಸ್ತು ತಯಾರಿಸಲು ಇಳಿಯುತ್ತಾನೆ. 2008ರ ಜನವರಿಯಿಂದ 2013ರ ಸೆಪ್ಟೆಂಬರ್ ತನಕ ಐದು ಸೀಸನ್ನುಗಳಲ್ಲಿ ಈ ಮನುಷ್ಯ ಹಂತಹಂತವಾಗಿ ಕೆಡುತ್ತ ಹೋಗುತ್ತಾನೆ. ಟಿವಿಯಲ್ಲಿ ಪಾತ್ರಗಳು ವರ್ಷಗಟ್ಟಲೆ ಇದ್ದ ಹಾಗೇ ಇರುತ್ತವೆ, ನಾನು ನಾಯಕನನ್ನೇ ಖಳನನ್ನಾಗಿ ಮಾಡುತ್ತೇನೆ ಅನ್ನುವುದು ಇದನ್ನು ಕಟ್ಟಿದ ವಿನ್ಸ್ ಗಿಲಿಗನ್ ಇಟ್ಟುಕೊಂಡ ಹಟ. ಹಾಗಾಗಿ ನಮ್ಮದು ಹೊಸ ಜಗಳವೇನಲ್ಲ. ಎಲ್ಲಿ ಕೆಟ್ಟ, ಎಲ್ಲಿಯ ತನಕ ಸರಿಯಿದ್ದ ಎಂದು ಜಗತ್ತೆಲ್ಲ ಆಡಿದ ಜಗಳವೇ.

ಎಲಿಯಟ್‌ನ ದುಡ್ಡು

ಮೊದಲ ರಾತ್ರಿ ಮೇಷ್ಟ್ರನ್ನು ಹಿಡಿದು ಕೂರಿಸಿದ್ದು ಕಾರು ತೊಳೆಯುವ ದೃಶ್ಯ. ಸಂಬಳ ಸಾಲದೆ ವಾಲ್ಟರ್ ಸಂಜೆ ಕಾರ್ ವಾಶಿನಲ್ಲಿ ದುಡಿಯುತ್ತಾನೆ. ಅಲ್ಲಿಗೆ ಅವನ ಕ್ಲಾಸಿನದೇ ಹುಡುಗ ಕಾರು ತರುತ್ತಾನೆ. ಮೇಷ್ಟ್ರು ಮೊಣಕಾಲೂರಿ ಟಯರ್ ಉಜ್ಜುತ್ತಿರುವಾಗ ಹುಡುಗನ ಗೆಳತಿ ನಗುತ್ತಾಳೆ.

"ನಾನೂ ಎರಡು ವರ್ಷ ಸಂಜೆ ಹೊತ್ತು ಒಬ್ಬರ ಹೋಟೆಲಲ್ಲಿ ಗಲ್ಲೆಯ ಮೇಲೆ ಕೂತಿದ್ದೆ," ಎಂದರು ನಮ್ಮ ಮೇಷ್ಟ್ರು. "ಒಂದಿನ ಎಂಟನೇ ಕ್ಲಾಸಿನ ಹುಡುಗ ಅಪ್ಪನ ಜತೆ ಬಂದ. ಬಿಲ್ಲು ಕೊಟ್ಟ ಅಪ್ಪ ಚಿಲ್ಲರೆ ಇಟ್ಕೊಳ್ಳಿ ಅಂದ. ಹುಡುಗ ಮಾತ್ರ ನನ್ನ ಮುಖ ನೋಡ್ಲಿಲ್ಲ, ಸೋಂಪಿನ ಬಟ್ಟಲನ್ನೇ ನೋಡ್ತಾ ನಿಂತ."

ಅಲ್ಲಿಂದ ಮೇಷ್ಟ್ರು ವಾಲ್ಟರನ ಪಕ್ಷ. ಮೂರನೇ ಕಂತಿನಲ್ಲಿ ಜೆಸ್ಸಿಯ ಮನೆಯ ನೆಲಮಾಳಿಗೆಯಲ್ಲಿ ಕಟ್ಟಿಹಾಕಿದ ಮೆಥ್ ವ್ಯಾಪಾರಿಯನ್ನು ಕೊಲ್ಲಬೇಕೋ ಬಿಡಬೇಕೋ ಎಂದು ವಾಲ್ಟರ್ ಕಾಗದದ ಮೇಲೆ ಎರಡು ಪಟ್ಟಿ ಮಾಡುತ್ತಾನಲ್ಲ, ಕಡೆಗೆ ಕೊಲ್ಲುವಾಗ ಅಳುತ್ತ ಕ್ಷಮೆ ಕೇಳುತ್ತಾನಲ್ಲ, ಅದನ್ನೂ ಮೇಷ್ಟ್ರು ನುಂಗಿಕೊಂಡರು. "ಪಟ್ಟಿ ಮಾಡಿದ ನೋಡಿ. ಲೆಕ್ಕದವ," ಎಂದರು.

ಅಣ್ಣ ಗೆದ್ದಷ್ಟು ಖುಷಿಪಟ್ಟದ್ದು ಐದನೇ ಕಂತಿಗೆ. ಎಲಿಯಟ್ ಅಂತ ವಾಲ್ಟರನ ಹಳೇ ಗೆಳೆಯ. ಇಬ್ಬರೂ ಸೇರಿ ಕಟ್ಟಿದ ಕಂಪನಿ ಗ್ರೇ ಮ್ಯಾಟರ್. ತನ್ನ ಪಾಲನ್ನು ವಾಲ್ಟರ್ 5,000 ಡಾಲರಿಗೆ ಮಾರಿ ಹೊರಬಂದಿದ್ದ. ಈಗ ಅದು ಕೋಟಿಗಟ್ಟಲೆ ಬೆಲೆಯದು. ಕ್ಯಾನ್ಸರಿನ ಸುದ್ದಿ ತಿಳಿದು ಎಲಿಯಟ್ ಕೆಲಸ ಕೊಡುತ್ತೇನೆ, ಚಿಕಿತ್ಸೆ ನಾವು ನೋಡಿಕೊಳ್ಳುತ್ತೇವೆ ಎನ್ನುತ್ತಾನೆ. ವಾಲ್ಟರ್ ಒಲ್ಲೆ ಎನ್ನುತ್ತಾನೆ. ಅಣ್ಣ ಚಪ್ಪಾಳೆ ತಟ್ಟಿದರು.

"ಗಂಡಸು ಅಂದ್ರೆ ಇವ! ಹಂಗಿನ ಅನ್ನ ತಿಂದವರಿಗೇ ಗೊತ್ತು ಮಾರಾಯ್ರೆ ಅದರ ರುಚಿ."

ಅಣ್ಣನಿಗೆ ಗೊತ್ತು. ಹೋಟೆಲಿಗೆ ದುಡ್ಡು ಹಾಕಿದ್ದು ಅವರ ಸೋದರಮಾವ. ಆಮೇಲೆ ಊರಿನ ಪ್ರತಿ ಮದುವೆಯಲ್ಲೂ, ಪ್ರತಿ ಬೊಜ್ಜದಲ್ಲೂ (ಉತ್ತರಕ್ರಿಯೆ), ಊಟದ ಪಂಕ್ತಿಯಲ್ಲಿ ನಾಲ್ಕು ಜನ ಕೇಳುವ ಹಾಗೆ, "ನಮ್ಮ ಹುಡುಗ ಬೊಂಬಾಯಲ್ಲಿ ನಿಂತದ್ದೇ ನನ್ನ ಕೈಯಿಂದ" ಎಂದು ಹೇಳುತ್ತಿದ್ದರಂತೆ. ಹಂಗಿನ ಅರಮನೆಗಿಂತ ಗುಡಿಸಲು ಲೇಸು ಎನ್ನುವುದನ್ನು ನಾವು ಹಾಲು ಕುಡಿಯುವಾಗಲೇ ಕುಡಿದವರು. ಹಾಗಾಗಿ ಆ ರಾತ್ರಿ ಕೋಣೆಯಲ್ಲಿ ಯಾರೂ ಎದುರು ಮಾತಾಡಲಿಲ್ಲ. ವಕೀಲರು ಮಾತ್ರ "ಹಂಗಲ್ರೀ..." ಎಂದು ಶುರು ಮಾಡಿದರು. ಅಣ್ಣ "ಅದೇ, ಹಂಗೇ ಎಲ್ಲ ತಾಪತ್ರಯ" ಎಂದು ಬಾಯಿ ಮುಚ್ಚಿಸಿದರು. ಧಾರವಾಡದವರ ಹಂಗಿಗೂ ಕರಾವಳಿಯ ಹಂಗಿಗೂ ಇರುವ ವ್ಯತ್ಯಾಸದಲ್ಲಿ ಒಂದು ಒಳ್ಳೆಯ ವಾದ ಸತ್ತುಹೋಯಿತು.

ನಾವು ಅವತ್ತು ಕಡೆಗಣಿಸಿದ್ದು ಆಮೇಲೆ ನಡೆದದ್ದನ್ನು. ಚಿಕಿತ್ಸೆಗೆ ಒಪ್ಪಿದ ವಾಲ್ಟರ್ ದುಡ್ಡು ಎಲ್ಲಿಂದ ಅಂದಾಗ ಹೆಂಡತಿಗೆ ಎಲಿಯಟ್ ಕೊಡುತ್ತಾನೆ ಎಂದು ಸುಳ್ಳು ಹೇಳುತ್ತಾನೆ. ಹಂಗು ಬೇಡವೆಂದವನಿಗೆ ಹಂಗಿನ ಹೆಸರು ಬೇಕಾಯಿತು. ಇಡೀ ಧಾರಾವಾಹಿಯ ಕೆಡುಕಿನ ಬೇರು ಅಲ್ಲೇ ಅನ್ನುವುದು ನನ್ನ ಅಭಿಪ್ರಾಯ. ಇದು ಅವತ್ತು ಹೊಳೆದದ್ದಲ್ಲ, ತಡವಾಗಿ ಹೊಳೆದದ್ದು.

ಜೇನ್ ಸತ್ತ ರಾತ್ರಿ

ಆ ಜುಲೈ ಶನಿವಾರಕ್ಕೆ ಎರಡನೇ ಸೀಸನ್ನಿನ ಹನ್ನೆರಡನೇ ಕಂತು. ಜೆಸ್ಸಿಗೆ ಜೇನ್ ಎಂಬ ಹುಡುಗಿಯ ಸಂಗ, ಇಬ್ಬರಿಗೂ ಹೆರಾಯಿನ್. ಜೆಸ್ಸಿಯ ಪಾಲಿನ ದುಡ್ಡನ್ನು ವಾಲ್ಟರ್ ತಡೆದಿಟ್ಟಿದ್ದಾನೆ. ಕೊಡದಿದ್ದರೆ ಗುಟ್ಟು ಬಯಲು ಮಾಡುತ್ತೇನೆ ಎಂದು ಜೇನ್ ಹೆದರಿಸುತ್ತಾಳೆ. ವಾಲ್ಟರ್ ದುಡ್ಡು ತಂದು ಕೊಡುತ್ತಾನೆ. ಹೊರಬಂದು ಬಾರಿನಲ್ಲಿ ಕೂತು ಗುರುತಿಲ್ಲದ ಒಬ್ಬರ ಜತೆ ಮಕ್ಕಳ ಬಗ್ಗೆ ಮಾತಾಡುತ್ತಾನೆ. ಅವರು ಜೇನ್‌ಳ ಅಪ್ಪನೇ, ಅದು ಇವನಿಗೆ ಗೊತ್ತಿಲ್ಲ. ಮತ್ತೆ ಜೆಸ್ಸಿಯ ಮನೆಗೆ ಹೋದರೆ ಇಬ್ಬರೂ ಮತ್ತಿನಲ್ಲಿ ಮಲಗಿದ್ದಾರೆ. ಜೆಸ್ಸಿಯನ್ನು ಅಲುಗಾಡಿಸಿ ಎಬ್ಬಿಸಲು ನೋಡುವಾಗ ಮಗ್ಗುಲಾಗಿದ್ದ ಜೇನ್ ಅಂಗಾತ ಹೊರಳುತ್ತಾಳೆ. ವಾಂತಿ ಗಂಟಲಿಗೆ ಸಿಕ್ಕಿಕೊಳ್ಳುತ್ತದೆ. ವಾಲ್ಟರ್ ಹಾಸಿಗೆಯ ಆ ಬದಿಗೆ ಓಡುತ್ತಾನೆ, ಕೈ ಮುಂದೆ ಮಾಡುತ್ತಾನೆ, ನಿಲ್ಲುತ್ತಾನೆ. ನೋಡುತ್ತ ನಿಲ್ಲುತ್ತಾನೆ. ಅವನ ಕಣ್ಣಲ್ಲಿ ನೀರು ಬರುತ್ತದೆ. ಅವಳು ಸಾಯುತ್ತಾಳೆ.

ನಾನು ಟಿವಿಗಿಂತ ಹೆಚ್ಚು ನೋಡಿದ್ದು ಮೇಷ್ಟ್ರ ಕೈಯನ್ನು. ಅವರ ತೊಡೆಯ ಮೇಲೆ ಸೋಫಾದ ದಿಂಬಿತ್ತು. ಜೇನ್ ಅಂಗಾತ ಹೊರಳಿದಾಗ ಅವರ ಬಲಗೈ ಆ ದಿಂಬನ್ನು ಮೆಲ್ಲಗೆ ಮಗ್ಗುಲಿಗೆ ತಿರುಗಿಸಿತು. ಕ್ಲಾಸಿನಲ್ಲಿ ಫಿಟ್ಸ್ ಬಂದು ಬಿದ್ದ ಮಕ್ಕಳನ್ನು ಮಗ್ಗುಲಿಗೆ ತಿರುಗಿಸಿ ರೂಢಿಯಾದ ಕೈ. ತಿರುಗಿಸಿದ್ದು ಅವರಿಗೇ ಗೊತ್ತಾಗಿರಲಿಕ್ಕಿಲ್ಲ.

ಆಗ ಅಣ್ಣ ಹೇಳಿದರು: "ಒಳ್ಳೇದೇ ಆಯ್ತು ಬಿಡಿ. ಪೀಡೆ ತೊಲಗಿತು. ಹುಡುಗ ಬಚಾವಾದ."

ಸ್ವಿಚ್ ಆರಿದ್ದು ಆ ಮಾತಿಗೆ.

ಮುಂದಿನ ಮೂರು ಶನಿವಾರ ಮೇಷ್ಟ್ರಿಲ್ಲದೆ ನೋಡಿದೆವು, ಬಾಯಿಗಿಂತ ಹೆಚ್ಚು ಗೋಳಿಬಜೆ ಆಡಿತು. ವಕೀಲರು ಮಾತ್ರ ಹುರುಪಿನಲ್ಲಿದ್ದರು. ಕಣ್ಣೆದುರು ಒಬ್ಬರು ಸಾಯುವಾಗ ಸುಮ್ಮನಿದ್ದರೆ ಕೊಲೆಯಾಗುತ್ತದೆಯೇ ಎನ್ನುವುದು ಅವರ ಪ್ರಶ್ನೆ.

"ನೋಡ್ರಿ, ದಂಡ ಸಂಹಿತೆಯ 32ನೇ ಕಲಮಿನಾಗ ಕೃತ್ಯ ಅಂದ್ರ ಕಾನೂನಿಗೆ ವಿರುದ್ಧ ಆದ ಲೋಪಾನೂ ಸೇರ್ತದ. 2024ರ ಜುಲೈ 1ರಿಂದ ಬಂದ ನ್ಯಾಯ ಸಂಹಿತೆಯಾಗೂ ಅದ ಅರ್ಥ ಉಳದದ. ಆದ್ರ ಲೋಪ ಆಗ್ಬೇಕಂದ್ರ ಮಾಡೋ ಕರ್ತವ್ಯ ಇರ್ಬೇಕು. ದಾರಿಹೋಕ ಕೆರಿಯಾಗ ಮುಳುಗೋವ್ನ ನೋಡ್ಕೋತ ನಿಂತ್ರ ಕೊಲೆ ಅಲ್ಲ. ಅಪ್ಪ ನಿಂತ್ರ ಬ್ಯಾರೆ ಮಾತು."

"ಇವ ದಾರಿಹೋಕ ಅಲ್ವಾ?" ಅಣ್ಣ ಕೇಳಿದರು.

"ಅಲ್ರೀ. ಹಾಸಿಗಿ ಅಲುಗಾಡ್ಸಿದಾಂವ ಅವನ. ಆಕಿ ಅಂಗಾತ ಆಗಿದ್ದು ಅವನ ಕೈಯಿಂದ. ನಾ ಸರಕಾರಿ ವಕೀಲ ಆಗಿದ್ರ ಅದನ್ನ ಹಿಡೀತಿದ್ದೆ."

ಹುಡುಗ ಒಂದು ಸಂಗತಿ ಸೇರಿಸಿದ. ಗಿಲಿಗನ್ ತಂಡದ ಮೊದಲ ಯೋಚನೆಯಲ್ಲಿ ವಾಲ್ಟರ್ ತಾನೇ ಕೈಯಾರೆ ಜೇನ್‌ಗೆ ಇನ್ನಷ್ಟು ಹೆರಾಯಿನ್ ಚುಚ್ಚುವುದಿತ್ತಂತೆ. ಇಷ್ಟು ಬೇಗ ಅಷ್ಟು ಕೆಟ್ಟರೆ ನೋಡುವವರು ಕೈಬಿಡುತ್ತಾರೆಂದು ಸುಮ್ಮನೆ ನೋಡುವಂತೆ ತಗ್ಗಿಸಿದರಂತೆ. ಇದು ತಗ್ಗಿಸಿದ್ದೋ ಏರಿಸಿದ್ದೋ ಎಂದು ನನಗೆ ಈಗಲೂ ಅನುಮಾನವಿದೆ. ಚುಚ್ಚಿದ್ದರೆ ಅಣ್ಣನೂ ಅವತ್ತೇ ಕೈಬಿಡುತ್ತಿದ್ದರು.

ಅಕ್ಕನ ಪುಸ್ತಕ

ಅಕ್ಕ ಅಷ್ಟರ ತನಕ ಅಡುಗೆಮನೆ ಬಾಗಿಲಲ್ಲಿ ಅರ್ಧ ನಿಂತು ಅರ್ಧ ಕೂತು ನೋಡುತ್ತಿದ್ದವರು. ಅವರು ಏನೋ ಬರೆದಿಡುತ್ತಿದ್ದಾರೆ ಎಂದು ನಮಗೆ ಗೊತ್ತಾದದ್ದು ಮೂರನೇ ಸೀಸನ್ ನಡೆಯುವಾಗ. ಅವತ್ತು ಅಣ್ಣ ಸ್ಕೈಲರಳ ಮೇಲೆ ಹರಿಹಾಯುತ್ತಿದ್ದರು. ಗಂಡ ಇಷ್ಟು ಕಷ್ಟಪಟ್ಟು ದುಡಿದು ತರುವಾಗ ಹೆಂಡತಿ ಮನೆಯಿಂದ ಹೊರಹಾಕುತ್ತಾಳೆ, ಮೂತಿ ತಿರುವುತ್ತಾಳೆ, ಎಂಥ ಹೆಂಗಸು ಇವಳು ಅಂತ. ಅಣ್ಣ ಒಬ್ಬರೇ ಅಲ್ಲ. ಈ ಪಾತ್ರದ ಮೇಲಿನ ದ್ವೇಷ ಎಷ್ಟಿತ್ತೆಂದರೆ, ಸ್ಕೈಲರ್ ಆಗಿ ನಟಿಸಿದ ಆನಾ ಗನ್ 2013ರ ಆಗಸ್ಟಿನಲ್ಲಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯಲ್ಲಿ ಅದರ ಬಗ್ಗೆಯೇ ಲೇಖನ ಬರೆಯಬೇಕಾಯಿತು. ಗಂಡನ ಪಾಪ ಎಣಿಸಬೇಕಾದವರು ಹೆಂಡತಿಯ ಮುಖಭಾವ ಎಣಿಸುತ್ತಿದ್ದರು.

ಅಕ್ಕ ಒಳಗಿನಿಂದ ಒಂದು ಪುಸ್ತಕ ತಂದರು. ಹೋಟೆಲಿನ ಹಾಲಿನ ಲೆಕ್ಕಕ್ಕೆ ತಂದು ಅರ್ಧ ಬರೆದ ಕೆಂಪು ರಟ್ಟಿನ ಉದ್ದ ಪುಸ್ತಕ. ಖಾಲಿ ಪುಟಗಳಲ್ಲಿ ವಾಲ್ಟರನ ಖಾತೆ.

ಎರಡನೇ ಸೀಸನ್ನಿನ ಮೊದಲ ಕಂತಿನಲ್ಲಿ ವಾಲ್ಟರ್ ತನಗೆ ಎಷ್ಟು ಬೇಕೆಂದು ಬಾಯಲ್ಲೇ ಲೆಕ್ಕ ಹಾಕುತ್ತಾನೆ. ಅಕ್ಕ ಅದನ್ನು ಹಾಗೇ ಇಳಿಸಿಕೊಂಡಿದ್ದರು. ಇಬ್ಬರು ಮಕ್ಕಳ ಕಾಲೇಜು, 3,60,000. ಮನೆಯ ಸಾಲ, 1,07,000. ಮನೆಯ ಮೇಲೆ ತೆಗೆದ ಇನ್ನೊಂದು ಸಾಲ, 30,000. ತಿಂಗಳಿಗೆ 2,000ದ ಹಾಗೆ ಹತ್ತು ವರ್ಷದ ಮನೆಖರ್ಚು, 2,40,000. ಅಡಿಗೆರೆ ಎಳೆದು 7,37,000 ಡಾಲರ್.

"ಸರಿಯಾಗಿ ಕೂಡಿಸಿದ್ದಾನೆ. ಮೇಷ್ಟ್ರಲ್ವಾ," ಎಂದರು ಅಕ್ಕ. "ಈಗ ಜಮೆ ನೋಡಿ. 38 ಪೌಂಡ್ ಮಾಲಿಗೆ ಕೋಳಿ ಹೋಟೆಲಿನವ ಕೊಟ್ಟದ್ದು 12 ಲಕ್ಷ. ವಾಲ್ಟರನ ವಕೀಲನ ಕಮಿಷನ್ ಕಳೆದು, ಜೆಸ್ಸಿ ಹುಡುಗನ ಅರ್ಧ ಕಳೆದು, ಇವನ ಕೈಯಲ್ಲಿ 4,80,000. ಹುಡುಗನ 4,80,000 ಅವನಿಗೆ ಕೊಟ್ಟಾಯ್ತು. ಆಮೇಲೆ ಆ ಹುಡುಗಿ ಸತ್ತದ್ದು. ದುಡ್ಡು ಕೊಟ್ಟಾದ ಮೇಲೆ. ಅಲ್ಲಿ ಇನ್ನೇನು ಬಾಕಿ ಇತ್ತು ಹೇಳಿ?"

ಯಾರೂ ಹೇಳಲಿಲ್ಲ.

"ಈಗ ಕೋಳಿ ಹೋಟೆಲಿನವ ಮೂರು ತಿಂಗಳಿಗೆ 30 ಲಕ್ಷ ಅಂತಿದ್ದಾನೆ. ಬೇಕಾದದ್ದರ ನಾಲ್ಕು ಪಟ್ಟು. ಇವತ್ತಿಗೆ ಮನೆಯವರಿಗಾಗಿ ಅನ್ನುವ ಖಾತೆ ನಾನು ಬಂದ್ ಮಾಡ್ತೇನೆ. ಇನ್ನು ಬರುವುದೆಲ್ಲ ಅವನ ಸ್ವಂತ ಖಾತೆ."

ಅಣ್ಣ ಸೋಲು ಒಪ್ಪುವವರಲ್ಲ. "ದುಡ್ಡಿನ ಮಾತಲ್ಲ ಮಾರಾಯ್ತಿ. ಆ ಎಲಿಯಟ್‌ನ ಎದುರು ತಲೆ ತಗ್ಗಿಸ್ಬೇಕಿತ್ತಾ ಅವ? ಹಂಗಲ್ಲಿ ಬದುಕ್ಬೇಕಿತ್ತಾ?"

"ನಾವು ನಿಮ್ಮ ಮಾವನ ಹಂಗಲ್ಲಿ ಹದಿನಾಲ್ಕು ವರ್ಷ ಬದುಕಿದೆವು," ಎಂದರು ಅಕ್ಕ. "ಯಾರನ್ನೂ ಕೊಂದಿಲ್ಲ."

ಹುಡುಗ ಟಿವಿಯ ಶಬ್ದ ಕಮ್ಮಿ ಮಾಡಿದ್ದ, ಹೆಚ್ಚು ಮಾಡಲು ಮರೆತ. ಹೊರಗೆ ರಿಕ್ಷಾವೊಂದು ನೀರಲ್ಲಿ ನಿಂತು ಕೆಮ್ಮುತ್ತಿತ್ತು. ಅಣ್ಣ ಮಾತಿಗೆ ಹುಡುಕಿದರು, ಸಿಕ್ಕಲಿಲ್ಲ, ಗೋಳಿಬಜೆ ಮುರಿದು ಚಟ್ನಿಯಲ್ಲಿ ಅದ್ದಿದರು.

ಅಕ್ಕ ಮುಂದುವರಿಸಿದ್ದು ಇನ್ನೂ ಚುರುಕಾಗಿತ್ತು. ಎಲಿಯಟ್‌ನ ಹಂಗು ಬೇಡವೆಂದವನು ಯಾರ ಕೈಕೆಳಗೆ ಹೋಗಿ ನಿಂತ? ಗಸ್ ಫ್ರಿಂಗ್‌ನ ಕೈಕೆಳಗೆ. ಹೊರಗೆ ಕೋಳಿ ಹೋಟೆಲು, ಒಳಗೆ ಮೆಥ್ ವ್ಯಾಪಾರ, ಲಾಂಡ್ರಿಯ ಅಡಿಯಲ್ಲಿ ದೊಡ್ಡ ಪ್ರಯೋಗಾಲಯ. ಗಸ್ ಕೊಟ್ಟ ಜಾಗ, ಗಸ್ ಕೊಟ್ಟ ಯಂತ್ರ. ಕರುಣೆಯ ಹಂಗು ತಡೆಯಲಾರದವನು ಭಯದ ಹಂಗಿಗೆ ಬಿದ್ದ. (ಅಣ್ಣನಿಗೆ ಗಸ್ ಎಂದರೆ ಬೇರೆಯೇ ಗೌರವವಿತ್ತು. "ದೊಡ್ಡ ಧಣಿ, ಆದರೂ ಟೇಬಲ್ ತಾನೇ ಒರೆಸ್ತಾನೆ ನೋಡಿ. ಹೋಟೆಲ್ ನಡೆಸುವುದು ಹಾಗೆ." ಅವನು ಎಷ್ಟು ಕತ್ತು ಸೀಳಿದನೆಂಬುದು ಅಣ್ಣನ ಲೆಕ್ಕಕ್ಕೆ ಬರಲಿಲ್ಲ.)

ಮರುದಿನ ಅಕ್ಕ ಪತ್ರೊಡೆಯ ಡಬ್ಬಿ, ಆ ಕೊಡೆ ಹಿಡಿದುಕೊಂಡು ಎದುರಿನ ಕಟ್ಟಡಕ್ಕೆ ಹೋದರು. ಅಲ್ಲಿ ಏನು ಮಾತಾಯಿತೋ, ಮುಂದಿನ ಶನಿವಾರ ಮೇಷ್ಟ್ರು ಬಂದರು. ಅಣ್ಣ ಸರಿದು ಜಾಗ ಬಿಟ್ಟರು.

"ವಾಲ್ಟರನನ್ನು ನೋಡ್ಲಿಕ್ಕೆ ಬಂದದ್ದಲ್ಲ. ಆ ಹುಡುಗನ ಗತಿ ಏನಾಯ್ತು ಅಂತ ನೋಡ್ಬೇಕು," ಎಂದರು ಮೇಷ್ಟ್ರು.

ಅಲ್ಲಿಂದ ಅವರ ಪಾಲಿಗೆ ಇದು ಜೆಸ್ಸಿಯ ಕಥೆ. ಮೊದಲ ಸೀಸನ್ನಿನ ಕೊನೆಗೇ ಜೆಸ್ಸಿಯನ್ನು ಸಾಯಿಸುವ ಯೋಚನೆ ಗಿಲಿಗನ್‌ಗೆ ಇತ್ತೆಂದು ಹುಡುಗ ಹೇಳಿದಾಗ ಮೇಷ್ಟ್ರು ನಿಜವಾಗಿಯೂ ಗಾಬರಿಯಾದರು, ಶಾಲೆ ಬಿಟ್ಟ ವಿದ್ಯಾರ್ಥಿಯ ಸುದ್ದಿ ಕೇಳಿದ ಹಾಗೆ.

ತಾಳಮದ್ದಳೆ

ಮಳೆಗಾಲದಲ್ಲಿ ಊರಿನ ಯಕ್ಷಗಾನ ಮೇಳಗಳಿಗೆ ಬಿಡುವು. ಮೇಳಗಳ ತಿರುಗಾಟ ಮುಗಿಯುವ ಪತ್ತನಾಜೆಯ ನಂತರ ಗೆಜ್ಜೆ ಬಿಚ್ಚಿಟ್ಟ ಕಲಾವಿದರು ತಾಳಮದ್ದಳೆಗೆಂದು ಮುಂಬಯಿಗೆ ಬರುತ್ತಾರೆ. ವೇಷವಿಲ್ಲ, ಕುಣಿತವಿಲ್ಲ, ಕೂತಲ್ಲೇ ಮಾತು. ಅಣ್ಣ ಎಳೆಯ ವಯಸ್ಸಿನಲ್ಲಿ ಹೋಟೆಲ್ ಹುಡುಗರ ತಂಡದಲ್ಲಿ ಕೌರವನ ಅರ್ಥ (ಪಾತ್ರದ ಮಾತು) ಹೇಳುತ್ತಿದ್ದವರು. ಈಗಲೂ ಮಾಟುಂಗದಲ್ಲಿ ತಾಳಮದ್ದಳೆ ಇದ್ದರೆ ಹೋಟೆಲನ್ನು ಮ್ಯಾನೇಜರಿಗೆ ಬಿಟ್ಟು ಹೋಗುತ್ತಾರೆ. ನವರಾತ್ರಿ ಹೊತ್ತಿಗೆ ನಾಲ್ಕನೇ ಸೀಸನ್ ಮುಗಿಯಿತು. ಗಸ್ ಸತ್ತಿದ್ದ. ಜೆಸ್ಸಿಯನ್ನು ತನ್ನ ಕಡೆ ಸೆಳೆಯಲು ವಾಲ್ಟರ್ ಒಂದು ಮಗುವಿಗೆ ವಿಷ ಹಾಕಿದ್ದ. ಆ ವಿಷದ ಗಿಡವಿರುವ ಅವನ ಹಿತ್ತಲಿನ ಹೂಕುಂಡವನ್ನು ತೋರಿಸಿ ಸೀಸನ್ ನಿಲ್ಲುತ್ತದೆ. ಹುಡುಗನ ಟೀಶರ್ಟ್ ಆ ವಾರದಿಂದ ಕಾಣಲಿಲ್ಲ. ಒಗೆಯಲು ಹಾಕಿದ್ದೇನೆ ಎಂದ.

ಅಣ್ಣ ಸವಾಲು ಹಾಕಿದರು. ತಾನು ವಾಲ್ಟರನ ಅರ್ಥ ಹೇಳುತ್ತೇನೆ, ಮೇಷ್ಟ್ರು ಜೆಸ್ಸಿಯದು ಹೇಳಲಿ. ಜೇನ್ ಹೇಗೆ ಸತ್ತಳೆಂದು ಜೆಸ್ಸಿಗೆ ಗೊತ್ತಾದರೆ ಎನ್ನುವುದೇ ಪ್ರಸಂಗ. ಧಾರಾವಾಹಿಯಲ್ಲಿ ಅಲ್ಲಿಯ ತನಕ ಜೆಸ್ಸಿಗೆ ಅದು ಗೊತ್ತಿಲ್ಲ. ಚೆಂಡೆ ಮದ್ದಳೆಗೆ ಬದಲು ಕೆಳಗಿನ ಮೈದಾನದ ದಾಂಡಿಯಾ ಇತ್ತು.

ತಾಳಮದ್ದಳೆ ಗೊತ್ತಿಲ್ಲದವರಿಗೆ ಒಂದು ಮಾತು. ಅಲ್ಲಿ ಅರ್ಥಧಾರಿ ತನ್ನ ಪಾತ್ರವನ್ನು ಎಂದೂ ಬಿಟ್ಟುಕೊಡುವುದಿಲ್ಲ. ಕೌರವನಿಗೂ ನ್ಯಾಯವಿದೆ, ಕೀಚಕನಿಗೂ ಒಂದು ಸಮರ್ಥನೆ ಸಿಗುತ್ತದೆ. ಒಳ್ಳೆಯ ಅರ್ಥಧಾರಿ ಸಿಕ್ಕಿದರೆ ಕೌರವ ಕೃಷ್ಣನನ್ನೂ ಮಾತಿನಲ್ಲಿ ಕಟ್ಟಿಹಾಕುತ್ತಾನೆ. ಕೇಳುವವರೂ ಅದಕ್ಕೇ ಹೋಗುವುದು.

ಅಣ್ಣ ಚೆನ್ನಾಗಿ ಶುರು ಮಾಡಿದರು. ಬಡ ಮೇಷ್ಟ್ರ ಕಷ್ಟ, ಸಾವಿನ ನೆರಳು, ಹುಟ್ಟಲಿರುವ ಕೂಸು. ಎಲಿಯಟ್‌ನ ಪ್ರಸ್ತಾಪ ಬಂದಾಗ ಕರ್ಣನ ರಂಗಭೂಮಿಯ ಅವಮಾನದ ತನಕ ಹೋಗಿ ಬಂದರು. ಮೇಷ್ಟ್ರು ಸುಮ್ಮನೆ ಕೇಳಿದರು. ಕಡೆಗೆ ಒಂದೇ ಪ್ರಶ್ನೆ:

"ಸರ್, ಅವಳು ಉಸಿರಿಗೆ ಒದ್ದಾಡುವಾಗ ನೀವು ಹತ್ತಿರ ಬಂದಿರಿ. ಕೈ ಮುಂದೆ ಮಾಡಿದಿರಿ. ಹಿಂದೆ ತೆಗೆದಿರಿ. ಆ ಕೈ ಹಿಂದೆ ಹೋಗುವಾಗ ನಿಮ್ಮ ಮನಸ್ಸಲ್ಲಿ ಇದ್ದ ಮಾತು ಯಾವುದು?"

ಅಣ್ಣ ಬಾಯಿ ತೆರೆದರು. ಜೆಸ್ಸಿಯನ್ನು ಉಳಿಸಲು ಎಂದು ಒಂದು ವಾಕ್ಯ ಶುರು ಮಾಡಿ ಅರ್ಧಕ್ಕೆ ಬಿಟ್ಟರು. ಇನ್ನೊಂದು ಶುರು ಮಾಡಿದರು. ಮತ್ತೆ ಬಿಟ್ಟರು. ಆಮೇಲೆ ಪಾತ್ರದಿಂದ ಹೊರಬಂದು, "ಇಲ್ಲ ಮೇಷ್ಟ್ರೇ. ಇಲ್ಲಿ ಅರ್ಥ ಸಿಕ್ಕುವುದಿಲ್ಲ," ಎಂದರು.

ಇದರ ಬಗ್ಗೆ ನಾನು ಆಮೇಲೆ ಬಹಳ ಯೋಚನೆ ಮಾಡಿದ್ದೇನೆ. ಆ ಕೈ ಹಿಂದೆ ತೆಗೆದ ಮೇಲೆ ವಾಲ್ಟರ್ ಒಂದು ಮಾತೂ ಆಡುವುದಿಲ್ಲ. ಉಳಿದ ಕಡೆಯಲ್ಲೆಲ್ಲ ಅವನು ಮಹಾ ಅರ್ಥಧಾರಿ. ಹೆಂಡತಿಗೆ ಒಂದು ಅರ್ಥ, ಷಡ್ಡಕನಿಗೆ ಒಂದು, ಜೆಸ್ಸಿಗೆ ಒಂದು, ಪ್ರತಿಯೊಂದರ ಕೊನೆಗೂ ಮನೆಯವರಿಗಾಗಿ ಎನ್ನುವ ತೀರ್ಮಾನ. ಬ್ರಯನ್ ಕ್ರ್ಯಾನ್ಸ್ಟನ್‌ಗೆ ಈ ಪಾತ್ರಕ್ಕೆ ನಾಲ್ಕು ಎಮ್ಮಿ ಪ್ರಶಸ್ತಿ ಬಂದದ್ದು ಸುಮ್ಮನೆ ಅಲ್ಲ, ಸುಳ್ಳು ಹೇಳುವಾಗ ಆ ಮನುಷ್ಯನ ಮುಖ ತಾನೇ ಮೊದಲು ನಂಬಿಬಿಡುತ್ತದೆ. ನಾವು ವಾಲ್ಟರನ ಕೆಲಸಕ್ಕೆ ಅಂಕ ಕೊಡುತ್ತಿರಲಿಲ್ಲ, ಅರ್ಥಗಾರಿಕೆಗೆ ಕೊಡುತ್ತಿದ್ದೆವು. ಸ್ಕೈಲರಳ ಬಾಯಿಗೆ ಅಷ್ಟು ಮಾತನ್ನು ಕೊಟ್ಟಿಲ್ಲ, ಅವಳಿಗೆ ಸೊನ್ನೆ. ಪಾಪಿಯ ಪಕ್ಷ ನಿಂತು ಕೇಳುವ ಸುಖ ನಮಗೆ ಯಕ್ಷಗಾನದಿಂದಲೇ ಬಂದದ್ದು, ಅದರಲ್ಲಿ ತಪ್ಪಿಲ್ಲ. ಆದರೆ ಕೌರವ ಎಂದೂ ಇದೆಲ್ಲ ನಿಮ್ಮ ಒಳ್ಳೆಯದಕ್ಕೆ ಎನ್ನುವುದಿಲ್ಲ. ನನಗೆ ರಾಜ್ಯ ಬೇಕು ಎನ್ನುತ್ತಾನೆ, ಸಾಯುತ್ತಾನೆ.

ಯಾವಾಗ ಕೆಟ್ಟ ಎನ್ನುವ ಪ್ರಶ್ನೆಗೆ ನನ್ನ ವೃತ್ತಿಯ ಉತ್ತರ ಬೇರೆ. ಬ್ಯಾಂಕಿನಲ್ಲಿ ಸಾಲದ ಕಂತು 90 ದಿನ ಮೀರಿ ಬಾಕಿಯಾದರೆ ಖಾತೆಯನ್ನು ಎನ್‌ಪಿಎ, ಅಂದರೆ ಕೆಟ್ಟ ಸಾಲ, ಎಂದು ಗುರುತಿಸುತ್ತೇವೆ. ಖಾತೆ ಕೆಟ್ಟದ್ದು ಮಾತ್ರ ಆ ತೊಂಬತ್ತನೇ ದಿನ ಅಲ್ಲ. ಫೈಲು ತಿರುವಿದರೆ ಸಾಮಾನ್ಯವಾಗಿ ಎಲ್ಲೋ ಹಿಂದೆ, ಕಂತು ಸರಿಯಾಗಿ ಬರುತ್ತಿರುವಾಗಲೇ, ಸಾಲಗಾರ ಒಂದು ಸಣ್ಣ ಸುಳ್ಳು ಲೆಕ್ಕ ಕೊಟ್ಟಿರುತ್ತಾನೆ. ಅದನ್ನು ಮುಚ್ಚಲು ಹೊಸ ಸಾಲ, ಹೊಸ ಸಾಲ ಮುಚ್ಚಲು ಮತ್ತೊಂದು. ಜೇನ್‌ಳ ರಾತ್ರಿ ತೊಂಬತ್ತನೇ ದಿನ. ಸುಳ್ಳು ಲೆಕ್ಕ ಎಲಿಯಟ್‌ನ ಹೆಸರಲ್ಲಿ ಕೊಟ್ಟದ್ದು. ನಾನೂ ಇಂಥ ಫೈಲುಗಳಿಗೆ, ಸಾಲಗಾರನ ಮಾತು ಚೆನ್ನಾಗಿತ್ತು ಎನ್ನುವ ಒಂದೇ ಕಾರಣಕ್ಕೆ, ಶಿಫಾರಸು ಬರೆದದ್ದುಂಟು.

ಕೊನೆಯ ಶನಿವಾರಗಳು

ಐದನೇ ಸೀಸನ್ನಿನಲ್ಲಿ ರೈಲಿನ ಕಳ್ಳತನ ನೋಡಿದ ತಪ್ಪಿಗೆ ಒಬ್ಬ ಚಿಕ್ಕ ಹುಡುಗ ಗುಂಡಿಗೆ ಬಲಿಯಾಗುತ್ತಾನೆ. ನಿದ್ದೆಯೇ ಬರುತ್ತಿಲ್ಲ ಎಂದು ವಾಲ್ಟರ್ ಜೆಸ್ಸಿಯನ್ನು ಸಮಾಧಾನ ಮಾಡಿ ಕಳಿಸುತ್ತಾನೆ. ಜೆಸ್ಸಿ ಆಚೆ ಹೋಗುತ್ತಿದ್ದಂತೆ ಒಳಗಿನಿಂದ ಸಿಳ್ಳೆ ಕೇಳುತ್ತದೆ. ವಾಲ್ಟರ್ ಸಿಳ್ಳೆ ಹಾಕಿಕೊಂಡು ಕೆಲಸ ಮಾಡುತ್ತಿದ್ದಾನೆ. ನಮ್ಮ ಹುಡುಗ ಇದನ್ನು ಕಾಲೇಜಿನಲ್ಲಿ ಎರಡು ಸಲ ನೋಡಿದವನು. "ಈ ಸಿಳ್ಳೆ ನಂಗೆ ನೆನಪೇ ಇಲ್ಲ ಬಾಸ್," ಎಂದ. ಅದೇ ಕಂತಿನಲ್ಲಿ 50 ಲಕ್ಷ ಡಾಲರ್ ತೆಗೆದುಕೊಂಡು ವ್ಯಾಪಾರ ಬಿಡುವ ಅವಕಾಶ ಬಂದರೂ ವಾಲ್ಟರ್ ಬಿಡುವುದಿಲ್ಲ. ಗ್ರೇ ಮ್ಯಾಟರ್‌ನ ಬೆಲೆ ಈಗ 216 ಕೋಟಿ ಡಾಲರ್, ವಾರ ವಾರ ತೆಗೆದು ನೋಡುತ್ತೇನೆ ಎಂದು ಜೆಸ್ಸಿಯೆದುರು ಒಪ್ಪಿಕೊಳ್ಳುತ್ತಾನೆ. ಅಕ್ಕ ಅಣ್ಣನ ಕಡೆ ನೋಡಲಿಲ್ಲ. ನೋಡುವ ಅಗತ್ಯವೂ ಇರಲಿಲ್ಲ.

ಅರುವತ್ತನೇ ಕಂತು. ಮರುಭೂಮಿಯಲ್ಲಿ ಹ್ಯಾಂಕ್‌ನ ಹೆಣ ಬಿದ್ದಿದೆ, ಜೆಸ್ಸಿಯನ್ನು ಎಳೆದೊಯ್ಯುತ್ತಿದ್ದಾರೆ. ಆಗ ವಾಲ್ಟರ್ ಹತ್ತಿರ ಬಂದು ಜೇನ್ ಸಾಯುವುದನ್ನು ತಾನು ನೋಡಿದೆ, ಉಳಿಸಬಹುದಿತ್ತು, ಉಳಿಸಲಿಲ್ಲ ಎಂದು ಜೆಸ್ಸಿಗೆ ತಾನಾಗಿಯೇ ಹೇಳುತ್ತಾನೆ. ಯಾರೂ ಕೇಳಿರಲಿಲ್ಲ. ಹೇಳಿದ್ದು ನೋಯಿಸಲಿಕ್ಕೆ.

ನಾನು ಮೇಷ್ಟ್ರ ಕಡೆ ತಿರುಗಿದೆ. ಅವರು ಕಣ್ಣು ಮುಚ್ಚಿಕೊಂಡಿದ್ದರು. ಮಾತಾಡಿದ್ದು ಅಣ್ಣ: "ಬಾಯಿ ಬರ್ಲಿಕ್ಕೆ ಇವನಿಗೆ ಇದೇ ಹೊತ್ತು ಸಿಕ್ಕಿದ್ದಾ?" ವಾಲ್ಟರನ ಪರವಾಗಿ ಅವರು ಮತ್ತೆ ವಾದ ಮಾಡಲಿಲ್ಲ.

ದೀಪಾವಳಿ ಕಳೆದು ಎರಡು ವಾರಕ್ಕೆ ಮುಗಿಯಿತು. ಕೊನೆಯ ಕಂತಿನಲ್ಲಿ ವಾಲ್ಟರ್ ಸ್ಕೈಲರಳ ಎದುರು ಒಪ್ಪಿಕೊಳ್ಳುತ್ತಾನೆ. ಮಾಡಿದ್ದೆಲ್ಲ ನನಗಾಗಿಯೇ, ನನಗದು ಹಿಡಿಸಿತ್ತು, ಅದರಲ್ಲಿ ನನ್ನ ಕೈ ನುರಿತಿತ್ತು ಅಂತ. ಅಕ್ಕ ಮೂರನೇ ಸೀಸನ್ನಿನಲ್ಲೇ ಬಂದ್ ಮಾಡಿದ ಖಾತೆಗೆ ಅವನು ಈಗ ಸಹಿ ಹಾಕಿದ ಎಂದರು ವಕೀಲರು. ಮೇಷ್ಟ್ರು ಜೆಸ್ಸಿ ಕಾರಿನಲ್ಲಿ ಗೇಟು ಮುರಿದುಕೊಂಡು ಹೊರಗೆ ಹೋಗುವ ತನಕ ಸೋಫಾದ ಅಂಚಿನಲ್ಲಿದ್ದರು, ಆಮೇಲೆ ಹಿಂದಕ್ಕೆ ಒರಗಿದರು. ಅವರಿಗೆ ಅಷ್ಟು ಸಾಕಾಗಿತ್ತು.

ಅಕ್ಕನಿಗೆ ಸಾಕಾಗಿರಲಿಲ್ಲ. ಉಳಿದ ದುಡ್ಡು 97 ಲಕ್ಷ 20 ಸಾವಿರ ಡಾಲರನ್ನು ವಾಲ್ಟರ್ ಯಾರ ಕೈಗೆ ಕೊಟ್ಟ? ಎಲಿಯಟ್ ಮತ್ತು ಅವನ ಹೆಂಡತಿ ಗ್ರೆಚೆನ್ ಕೈಗೆ. ಹೊರಗೆ ಬಂದೂಕುಧಾರಿಗಳಿದ್ದಾರೆಂದು ಹೆದರಿಸಿ, ಮಗನಿಗೆ 18 ತುಂಬಿದಾಗ ಇದನ್ನು ನಿಮ್ಮದೇ ದಾನವೆಂದು ಕೊಡಬೇಕು ಎಂದು ಮಾತು ತೆಗೆದುಕೊಂಡ. ಅಪ್ಪನ ದುಡ್ಡು ಅಂತ ಗೊತ್ತಾದರೆ ಮಗ ಮುಟ್ಟುವುದಿಲ್ಲವಲ್ಲ.

"ಹಾಗಾದ್ರೆ ಆ ಹುಡುಗ ಬದುಕುವುದು ಎಲಿಯಟ್‌ನ ಹಂಗಿನಲ್ಲಿ," ಎಂದರು ಅಣ್ಣ, ತಮ್ಮಷ್ಟಕ್ಕೇ ಎನ್ನುವ ಹಾಗೆ.

ಅಕ್ಕ ಕೆಂಪು ಪುಸ್ತಕ ತೆರೆದು ನನ್ನ ಮುಂದೆ ಇಟ್ಟರು. "ನೀವು ಬ್ಯಾಂಕಿನವರು. ಈ 97 ಲಕ್ಷದ 20 ಸಾವಿರ ಯಾರ ಹೆಸರಿಗೆ ಬರೆಯುವುದು?"

ನಾನು ಪುಟ ನೋಡಿದೆ. ಎಡಕ್ಕೆ ಬೇಕಾದದ್ದು 7,37,000, ಬಲಕ್ಕೆ ಐದು ತಿಂಗಳ ಜಮೆ. ನನಗೆ ತೋಚಲಿಲ್ಲ. ಅಕ್ಕ ಸ್ವಲ್ಪ ಕಾದರು, ಆಮೇಲೆ ಪೆನ್ನು ಬದಿಗಿಟ್ಟು, ಸೆರಗಿಗೆ ಸಿಕ್ಕಿಸಿದ್ದ ಪೆನ್ಸಿಲ್ ತೆಗೆದು, ಎಲಿಯಟ್ ಎಂದು ಬರೆದರು.